ಬಿಳಿ ತೆಗೆಯಬಾರದ ಮರ

ಬಾಗಿಲಾಗಲಿ, ಮಂಚವಾಗಲಿ, ಮರ ಕೈಗೆ ಬಂದ ಕೂಡಲೇ ನಾನು ಮಾಡುವ ಮೊದಲ ಕೆಲಸ ಬಿಳಿ ತೆಗೆಯುವುದು. ತೊಗಟೆಯ ಕೆಳಗೇ ಇರುವ ಆ ಎಳೆಯ ಪದರಕ್ಕೆ ಹುಳ ಬೀಳುತ್ತದೆ, ಅದು ನೀರು ಕುಡಿಯುತ್ತದೆ, ಎರಡು ಮಳೆಗಾಲ ಕಂಡರೆ ಪುಡಿಯಾಗುತ್ತದೆ. ಒಳಗಿನ ಗಟ್ಟಿ ಚೇಗೇ ಮರ, ಉಳಿದದ್ದು ಕಸ. ಲಿಂಗಸೂಗೂರಿನಲ್ಲಿ ಅಪ್ಪ ನನ್ನ ಕೈಗೆ ಬಾಚಿ ಕೊಟ್ಟ ದಿನ ಹೇಳಿಕೊಟ್ಟದ್ದು ಇದನ್ನೇ. ಬಿಳಿ ಬಿಟ್ಟು ಚೌಕಟ್ಟು ಕೂರಿಸಿದವನನ್ನು ನಮ್ಮವರು ಬಡಿಗ ಎಂದು ಕರೆಯುವುದೇ ಇಲ್ಲ. ಸಿಕಂದರಾಬಾದಿಗೆ ಬಂದು ಸ್ವಂತ ಶೆಡ್ ಹಾಕಿಕೊಂಡ ಮೇಲೂ ಅದೇ ಕೈ, ಅದೇ ಚಾಳಿ. ಆ ಚಾಳಿಯಿಂದಲೇ ಒಬ್ಬರ ಮನೆಯ, ಮತ್ತೆಂದೂ ಸಿಗದ ಮರವೊಂದನ್ನು ನಾನು ಹಾಳು ಮಾಡಿದೆ.

ಆ ಮನೆ ತಾರ್ನಾಕದಲ್ಲಿತ್ತು. ಅಲ್ಲಿದ್ದವರು ನಿವೃತ್ತ ಭೌತಶಾಸ್ತ್ರದ ಮೇಡಂ, ಧಾರವಾಡದ ಕಡೆಯವರು. ಅವರ ಅಡುಗೆಮನೆಯ ಕಪಾಟುಗಳನ್ನು ಹಿಂದೊಮ್ಮೆ ನಾನೇ ಮಾಡಿಕೊಟ್ಟಿದ್ದೆ. ನಮ್ಮ ಕಡೆ ಶಾಲೆಯ ಹೆಣ್ಣು ಮಾಸ್ತರರನ್ನು ಕರೆಯುವ ಹಾಗೆ ನಾನವರನ್ನು ಅಕ್ಕಾರ ಎಂದೇ ಕರೆಯುತ್ತೇನೆ. ಒಂದು ದಿನ ಫೋನ್ ಮಾಡಿ ಕರೆಸಿದರು. ಮಂಚದ ಹಿಂದೆ ಗೋಡೆಗೆ ಆನಿಸಿದ್ದ ಎರಡು ಉದ್ದನೆಯ ಮರದ ಸೀಳುಗಳನ್ನು ತೋರಿಸಿದರು. ಆರೂವರೆ ಅಡಿ ಉದ್ದ, ಒಂದೇ ದಿಮ್ಮಿಯನ್ನು ಸೀಳಿ ಮಾಡಿದ ಎರಡು ಹೋಳು. ತೊಗಟೆ ತೆಗೆದು ಮೇಲೆ ಮೇಣ ಸವರಿದ್ದರು. ಮೇಣಕ್ಕೆ ವರ್ಷಗಟ್ಟಲೆ ಧೂಳು ಕೂತು ಕಪ್ಪಾಗಿತ್ತು.

"ಇದರಿಂದ ಒಂದು ಬಿಲ್ಲು ಆಗಬೇಕ್ರಿ ಮೇಸ್ತ್ರಿ. ಹಿಂದಕ ಇಂಗ್ಲಿಷರು ಯುದ್ಧದಾಗ ಹಿಡೀತಿದ್ದ ಲಾಂಗ್‌ಬೋ."

ನಾನು ನಕ್ಕೆ. "ಬಿಲ್ಲಿಗೆ ಇಷ್ಟು ತ್ರಾಸ ಯಾಕ್ರಿ ಅಕ್ಕಾರ? ಆದಿಲಾಬಾದ್ ಕಡಿಯಿಂದ ಬಿದಿರಿನ ಬಿಲ್ಲು ತರಸ್ತೀನಿ. ಅದೂ ಉದ್ದs ಇರ್ತೈತಿ."

"ಉದ್ದ ಇದ್ದದ್ದೆಲ್ಲಾ ಲಾಂಗ್‌ಬೋ ಅಲ್ರಿ," ಎಂದರು. ಆಮೇಲೆ ಆ ಸೀಳುಗಳ ಕಥೆ ಹೇಳಿದರು. ಅವರ ಯಜಮಾನರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಇಂಗ್ಲೆಂಡಿಗೆ ತರಬೇತಿಗೆ ಹೋದವರು ಹಿಂದಿರುಗುವಾಗ ಹಡಗಿನ ಸಾಮಾನಿನ ಜೊತೆ ಅಲ್ಲಿಯ ಯೂ ಎಂಬ ಮರದ ಈ ತುಂಡುಗಳನ್ನು ತಂದರು. ಬಿಲ್ಲು ಮಾಡಬೇಕು, ಅದನ್ನು ಕಿವಿಯವರೆಗೆ ಎಳೆಯುವುದನ್ನು ನೋಡಬೇಕು ಎಂಬ ಹುಚ್ಚು ಅವರಿಗೆ. "ನಾಳೆ ಮಾಡ್ತೀನಿ, ನಾಳೆ ಮಾಡ್ತೀನಿ ಅಂದ್ರು. ಕೆಟ್ಟುಗಿಟ್ಟೀತು ಅಂತ ಅಂಜಿಕಿ ಇತ್ತೇನೋ. ಹೋಗೇ ಬಿಟ್ರು. ನಾನರ ನೋಡಬೇಕು, ಮೇಸ್ತ್ರಿ. ಎರಡs ಅದಾವ. ಮೂರನೇದು ಇಲ್ಲ."

ನಾರಾಯಣಗೂಡದ ಅವರ ಹಳೆಯ ಕಾಲೇಜಿನಲ್ಲಿ ವಿಜ್ಞಾನದ ಪ್ರದರ್ಶನವಿತ್ತು. ಅಲ್ಲಿ ಒಂದು ಮೇಜಿನ ಮೇಲೆ ಈ ಬಿಲ್ಲನ್ನು ಇಡುವ ಆಸೆ ಅವರದು. ಎರಡು ತಿಂಗಳ ಸಮಯ ಕೊಟ್ಟರು.

ಅವತ್ತು ನಾನು ಬಿಡದೆ ಪ್ರಶ್ನೆ ಕೇಳಿದೆ. ನನಗೆ ಸುಮ್ಮನೆ ಕೆಲಸ ಹಿಡಿದುಕೊಂಡು ಹೋಗುವ ಗುಣವಿಲ್ಲ. ಉದ್ದವಲ್ಲದಿದ್ದರೆ ಮತ್ತೇನು? ಯೂ ಮರವೇ? ಅದೂ ಪೂರ್ತಿ ಅಲ್ಲವಂತೆ. ಯೂ ಸಿಗದಾಗ ಬೇರೆ ಮರಗಳಲ್ಲೂ ಮಾಡುತ್ತಿದ್ದರಂತೆ, ಆದರೆ ಒಳ್ಳೆಯದು ಯೂ. ಅಕ್ಕಾರ ಒಂದೊಂದಾಗಿ ಹೇಳಿದರು. ಒಂದೇ ಮರದಿಂದ ಆಗಬೇಕು, ಅಂಟು ಹಾಕಿ ಜೋಡಿಸುವಂತಿಲ್ಲ. ಹಿಡಿಯುವವನಿಗಿಂತ ಎತ್ತರ ಇರಬೇಕು. ನಡುವೆ ಹಿಡಿಕೆ ಅಂತ ಬೇರೆ ಕೆತ್ತುವುದಿಲ್ಲ, ಬಾಣ ಕೂರಿಸಲು ಕಚ್ಚು ಇಲ್ಲ. ಬಾಣ ಬೆರಳ ಗೆಣ್ಣಿನ ಮೇಲೆ ಕೂರುತ್ತದೆ. ಎಳೆದಾಗ ಕೈ ಹಿಡಿದ ಜಾಗವೂ ಸೇರಿ ಇಡೀ ಬಿಲ್ಲು ತುದಿಯಿಂದ ತುದಿಗೆ ಬಾಗಬೇಕು. ಅಡ್ಡ ಕೊಯ್ದು ನೋಡಿದರೆ ಗುರಿಯ ಕಡೆಗಿರುವ ಬೆನ್ನು ಹೆಚ್ಚುಕಡಿಮೆ ಚಪ್ಪಟೆ, ಬಿಲ್ಲುಗಾರನ ಕಡೆಗಿರುವ ಹೊಟ್ಟೆ ದುಂಡಗೆ. ಎರಡು ತುದಿಗೂ ಕೊಂಬಿನ ಟೋಪಿ, ಅದರ ಗೀರಿನಲ್ಲಿ ಹೆದೆ.

"ಮತ್ತ ಯುದ್ಧದ್ದು ಅಂತ ಹೆಂಗ ಗೊತ್ತಾಗ್ತೈತಿ?"

"ಭಾರದಿಂದ. ಎಳಿಯಾಕ ನಲವತ್ತೈದು ಕಿಲೋ ಮ್ಯಾಲೆ ಬೇಕು. ಸಮುದ್ರದಾಗ ಮುಳುಗಿದ್ದ ಹಳೇ ಹಡಗಿನಾಗ ಸಿಕ್ಕ ಬಿಲ್ಲು ಅದಕ್ಕಿಂತ ಭಾಳ ಬಿರುಸು ಇದ್ವಂತ. ಕಡಿಮಿ ಇದ್ರ ಆಟದ್ದು."

ಒಂದು ಹಾಳೆಯ ಮೇಲೆ ಚಿತ್ರ ಬರೆದುಕೊಟ್ಟರು. ಅಡ್ಡ ಕೊಯ್ದ ಚಿತ್ರದಲ್ಲಿ ಬೆನ್ನಿನ ಕಡೆ ತೆಳ್ಳಗೆ ಬಿಳಿ ಬಿಟ್ಟು, ಹೊಟ್ಟೆಗೆ ಕೆಂಪು ಪೆನ್ಸಿಲ್ ಉಜ್ಜಿದ್ದರು. ಚಂದಕ್ಕೆ ಉಜ್ಜಿದ್ದಾರೆ ಅಂದುಕೊಂಡೆ. ಮಹಾ ಬುದ್ಧಿವಂತ ನಾನು!

ಮೊದಲ ಹೋಳಿಗೆ ನಾಲ್ಕೇ ದಿನ ಹಿಡಿಯಿತು. ಯೂ ಮರದ ಧೂಳು ವಿಷ ಎಂದು ಅಕ್ಕಾರ ಹೇಳಿದ್ದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಅದೊಂದು ಮಾತು ಕೇಳಿದೆ, ಪುಣ್ಯ. ಮರವನ್ನು ಅದುಮಿ ಹಿಡಿಯುವ ಶಿಕಂಜದಲ್ಲಿ ಕೂರಿಸಿ, ದಾರಕ್ಕೆ ಸುಣ್ಣ ಹಚ್ಚಿ ನೇರ ಗೆರೆ ಹೊಡೆದೆ. ಮರ ನಡುವಿನಿಂದ ಮೇಲಕ್ಕೆ ಸ್ವಲ್ಪ ಹಾವಿನ ಹಾಗೆ ಓಡಿತ್ತು, ನೇರ ಮಾಡಿದೆ. ಆಮೇಲೆ ರಂಧಾ, ಅಂದರೆ ಉಜ್ಜುಗೊರಡು, ಹಿಡಿದು ಬೆನ್ನಿನ ಮೇಣ, ಧೂಳು, ಬಿಳಿ ಎಲ್ಲವನ್ನೂ ಹೊಡೆದು ಹಾಕಿದೆ. ಕೆಳಗೆ ಕಿತ್ತಳೆ ಬಣ್ಣದ ಚೇಗು ಬಂತು. ಆಹಾ, ಏನು ಮರ! ನುಣ್ಣಗೆ, ಎಣ್ಣೆ ಹಚ್ಚಿದ ಹಾಗೆ. ಬಿಳಿ ಹೊಟ್ಟನ್ನು ಗುಡಿಸಿ ಪಕ್ಕದ ಚಹಾದಂಗಡಿಯ ಒಲೆಗೆ ಕೊಡಲು ಹೊರಟೆ. ವಿಷ ಎಂಬುದು ನೆನಪಾಗಿ ಗುಂಡಿ ತೋಡಿ ಮುಚ್ಚಿದೆ.

ಎಳೆದು ನೋಡಲು ಅಕ್ಕಾರ ಒಬ್ಬ ಸುಬೇದಾರರನ್ನು ಕಳಿಸಿದರು. ವಿಜಯಪುರದವರು, ಸೈನ್ಯದಿಂದ ನಿವೃತ್ತರಾಗಿ ಸಿಕಂದರಾಬಾದಿನಲ್ಲಿ ಮಕ್ಕಳಿಗೆ ಬಿಲ್ವಿದ್ಯೆ ಕಲಿಸುತ್ತಿದ್ದರು. ಭುಜ ನೋಡಿದರೇ ಗೊತ್ತಾಗುತ್ತಿತ್ತು. ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, "ಚಂದ ಐತಿ ಬಿಡ್ರಿ, ಕನ್ನಡಿ ಇದ್ದಂಗ ಐತಿ," ಎಂದರು. ನಾನು ಉಬ್ಬಿದೆ.

ಮೊದಲ ಎಳೆತ ಮೊಣಕೈ ಉದ್ದ. ಎರಡನೆಯದು ಎದೆಯವರೆಗೆ. ಮೂರನೆಯದರಲ್ಲಿ ಬೆನ್ನಿನ ಮೇಲೆ ಒಂದು ಸಣ್ಣ ಸಿಬಿರು ಎದ್ದದ್ದು ನನಗೆ ಕಂಡಿತು. "ಬಿಡ್ರಿ" ಅನ್ನುವಷ್ಟರಲ್ಲಿ ಢಂ ಎಂದಿತು. ಬಿಲ್ಲಿನ ಮೇಲಿನ ತೋಳು ಮುರಿದು, ಚೂರೊಂದು ಸುಬೇದಾರರ ಗಲ್ಲಕ್ಕೆ ಬಡಿಯಿತು. ಕಣ್ಣಿನಿಂದ ಎರಡು ಬೆರಳು ಕೆಳಗೆ. ಹೆಗಲ ಮೇಲಿನ ಬಟ್ಟೆಯನ್ನು ಗಾಯಕ್ಕೆ ಒತ್ತಿ ಹಿಡಿದೆ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವರೇ ನನಗೆ ಧೈರ್ಯ ಹೇಳಿದರು. ಮೂರು ಹೊಲಿಗೆ ಬಿತ್ತು.

ಮರುದಿನ ತಾರ್ನಾಕಕ್ಕೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ: ಮರ ಹಳೆಯದು, ಒಣಗಿ ಹೋಗಿತ್ತು, ಒಳಗೆ ಸೀಳಿತ್ತೇನೋ. ಫೋನಿನಲ್ಲಿ ಸುದ್ದಿ ತಿಳಿದಿದ್ದ ಅಕ್ಕಾರ ಬಾಗಿಲು ತೆರೆದು ಮೊದಲು ಕೇಳಿದ್ದು ಸುಬೇದಾರರ ಕಣ್ಣಿನ ಬಗ್ಗೆ. ಉಳಿದೈತ್ರಿ ಎಂದೆ. ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತೇಹೋಯಿತು.

ಮುರಿದ ಎರಡು ತುಂಡುಗಳನ್ನು ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಬೆನ್ನಿನ ಮೇಲೆ ಬೆರಳಾಡಿಸಿದರು.

"ಬಿಳಿ ಎಲ್ಲೈತ್ರಿ?"

"ತಗದೀನ್ರಿ. ಬಿಳಿ ತೆಗೀದs ಯಾರರ ಕೆಲಸ ಮಾಡ್ತಾರೇನ್ರಿ?"

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಬಾಗಿಲ ಬಳಿಯ ಹಳೆಯ ರಬ್ಬರ್ ಚಪ್ಪಲಿ ತಂದು ನನ್ನ ಮುಂದೆ ಬಾಗಿಸಿದರು. ಹೊರ ಮೈಯಲ್ಲಿ ಸಣ್ಣ ಬಿರುಕುಗಳು ಬಾಯಿ ತೆರೆದವು, ಒಳ ಮೈಯಲ್ಲಿ ಸುಕ್ಕು ಬಿದ್ದಿತು.

"ನೋಡ್ರಿ. ಹೊರಗ ಹಿಗ್ಗತೈತಿ, ಒಳಗ ಕುಗ್ಗತೈತಿ. ಬಿಲ್ಲೂ ಹಂಗs. ಬಿಳಿ ಮರ ಹಿಗ್ಗಾಕ ಗಟ್ಟಿ, ಕೆಂಪು ಮರ ಒತ್ತಡ ತಡಿಯಾಕ ಗಟ್ಟಿ. ಈ ಮರದಾಗ ಎರಡೂ ಅಂಟು ಇಲ್ಲದs ಕೂಡಿ ಬೆಳದಾವ. ಅದಕ್ಕs ಯೂ ಬೇಕು ಅನ್ನೂದು." ಚಪ್ಪಲಿ ಕೆಳಗಿಟ್ಟು ಹೇಳಿದರು, "ತಪ್ಪು ನಂದೂ ಐತಿ. ಚಿತ್ರ ಬರದೆ, ಮಾತು ಹೇಳ್ಲಿಲ್ಲ."

ನನಗೆ ಅಳು ಬಂದಂತಾಯಿತು. ಅರವತ್ತರ ಹತ್ತಿರ ಬಂದ ಬಡಿಗ, ಒಂದು ಚಪ್ಪಲಿಯಿಂದ ಮರದ ಪಾಠ ಕಲಿಯಬೇಕಾಯಿತು. ಮುರಿದ ತುಂಡನ್ನು ನಾನೂ ಎತ್ತಿ ನೋಡಿದೆ. ಇನ್ನೊಂದು ತಪ್ಪು ನನ್ನ ಕಣ್ಣಿಗೇ ಬಿತ್ತು. ಹಾವಿನ ಹಾಗೆ ಓಡಿದ್ದ ಮರವನ್ನು ನಾನು ದಾರ ಹಿಡಿದು ನೇರ ಮಾಡಿದ್ದೆನಲ್ಲ, ಅಲ್ಲಿ ಮರದ ಎಳೆಗಳು ತುಂಡಾಗಿದ್ದವು. ಸಿಬಿರು ಎದ್ದದ್ದು ಸರಿಯಾಗಿ ಆ ಜಾಗದಲ್ಲಿ. ಬಾಗಿಲಿಗೆ ನೇರ ಬೇಕು. ಬಿಲ್ಲಿಗೆ ಎಳೆ ಕಡಿಯಬಾರದು, ಮರ ಸೊಟ್ಟಗಿದ್ದರೆ ಬಿಲ್ಲೂ ಸೊಟ್ಟಗಿರಬೇಕು.

"ಎರಡನೇದು ಒಯ್ತೀರೋ, ಇಲ್ಲೇ ಇರಲೋ?" ಎಂದು ಕೇಳಿದರು. ಆ ಪ್ರಶ್ನೆ ಚುಚ್ಚಿತು. ಬೇರೆಯವರಿಗೆ ಕೊಡಬಹುದಿತ್ತು, ಕೊಟ್ಟಿದ್ದರೆ ನಾನೇನೂ ಅನ್ನುವಂತಿರಲಿಲ್ಲ. "ಹದಿನೈದು ದಿನ ಬಿಟ್ಟು ಒಯ್ತೀನ್ರಿ. ಅದಕ್ಕಿಂತ ಮೊದಲು ಕಲೀತೀನಿ," ಎಂದೆ. ಮುರಿದ ತುಂಡುಗಳನ್ನು ಕೇಳಿ ತೆಗೆದುಕೊಂಡು ಬಂದೆ. ಶೆಡ್ಡಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಮೊಳೆಗೆ ತೂಗುಹಾಕಿದೆ.

ಆ ಹದಿನೈದು ದಿನ ತಡಸಲು ಮರದ ಎರಡು ಗಳ ತಂದು ಕಲಿತೆ. ನಮ್ಮ ಕಾಡಿನವರು ಬಿಲ್ಲಿಗೆ ಬಳಸುವ ಮರವೇ ಅದು. ಗೋಡೆಗೆ ಒಂದು ಹಲಗೆ ಹೊಡೆದು, ಬಿಲ್ಲಿನ ನಡುವನ್ನು ಅದರ ಮೇಲೆ ಕೂರಿಸಿ, ಹೆದೆಗೆ ಹಗ್ಗ ಕಟ್ಟಿ ಕೆಳಗಿನ ರಾಟೆಯಿಂದ ಹಾಯಿಸಿ ದೂರ ನಿಂತು ಎಳೆಯುವ ವ್ಯವಸ್ಥೆ ಮಾಡಿದೆ. ನಡುವೆ ಹಳೆ ಕಬ್ಬಿಣದಂಗಡಿಯವರ ಕೊಕ್ಕೆ ತಕ್ಕಡಿ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಇಂಚಿನ ಗೆರೆ. ಎಳೆ, ನೋಡು, ಬಿಡು. ಎಲ್ಲಿ ಬಾಗುವುದಿಲ್ಲವೋ ಅಲ್ಲಿ ಹೊಟ್ಟೆಯಿಂದ ಕೆರೆ, ಎಲ್ಲಿ ಹೆಚ್ಚು ಬಾಗುತ್ತದೋ ಅದರ ತಂಟೆಗೆ ಹೋಗಬೇಡ. ಇಷ್ಟೇ ಶಾಸ್ತ್ರ. ಒಂದು ತಡಸಲು ಮುರಿಯಿತು, ಇನ್ನೊಂದು ಬಾಗಿತು. ಗಲ್ಲಕ್ಕೆ ಪಟ್ಟಿ ಅಂಟಿಸಿಕೊಂಡೇ ಸುಬೇದಾರರು ಅದನ್ನು ಎಳೆಯಲು ಬಂದರು.

"ಅಂಜಿಕಿ ಇಲ್ಲೇನ್ರಿ?" ಎಂದು ಕೇಳಿದೆ.

"ಅಂಜಿಕಿ ಐತಿ. ಆದ್ರ ಕೂಸಿನಂಗ ಮಾರಿ ಸಣ್ಣದು ಮಾಡ್ಕೊಂಡು ಕುಂತೀರಲ್ಲ, ನಿಮ್ಮನ್ನ ನೋಡಾಕ ಆಗವಲ್ದು," ಎಂದು ನಕ್ಕರು.

ಎರಡನೇ ಹೋಳನ್ನು ಶೆಡ್ಡಿಗೆ ತಂದ ದಿನ ಮೊದಲು ಮಾಡಿದ ಕೆಲಸ, ಅಕ್ಕಾರ ಕೊಟ್ಟ ಹಳೆಯ ಸೀರೆಯ ತುಂಡನ್ನು ಅದರ ಬೆನ್ನಿಗೆ ಸುತ್ತಿ ಹೊಲಿದದ್ದು. ಶಿಕಂಜ ಕಚ್ಚಬಾರದು, ಉಳಿ ತಾಗಬಾರದು, ಎಲ್ಲಕ್ಕಿಂತ ನನ್ನ ಕೈ ಚಾಳಿಗೆ ಬಿದ್ದು ಅತ್ತ ಹೋಗಬಾರದು. ಕಪ್ಪು ಮೇಣವನ್ನೂ ಕೆದಕಲಿಲ್ಲ. ಕೆಲಸವೆಲ್ಲ ಹೊಟ್ಟೆಯ ಕಡೆಯಿಂದ, ಪಕ್ಕದಿಂದ. ದಾರ ಹೊಡೆಯಲಿಲ್ಲ, ಎಳೆ ಓಡಿದ ಹಾದಿಯಲ್ಲೇ ಬೆರಳಿಟ್ಟು ಪೆನ್ಸಿಲ್ ಎಳೆದೆ. ಗೆರೆ ಡೊಂಕು ಬಂತು, ಹಲ್ಲು ಕಚ್ಚಿ ಒಪ್ಪಿಕೊಂಡೆ. ಕೆಳಗಿನ ತೋಳಿನಲ್ಲಿ ಒಂದು ಗಂಟು ಇತ್ತು. ಗಂಟು ಕಂಡರೆ ಸಮ ಮಾಡುವುದು ನಮ್ಮ ಧರ್ಮ. ಇಲ್ಲಿ ಅದರ ಸುತ್ತ ಮರ ಹೆಚ್ಚು ಬಿಟ್ಟು ಉಬ್ಬಾಗಿಯೇ ಉಳಿಸಿದೆ. ಹಡಗಿನಲ್ಲಿ ಸಿಕ್ಕ ಬಿಲ್ಲುಗಳಲ್ಲೂ ಗಂಟುಗಳು ಹೀಗೇ ಉಬ್ಬಿವೆ ಎಂದು ಅಕ್ಕಾರ ಚಿತ್ರ ತೋರಿಸಿದ್ದರು. ಎಷ್ಟೋ ನೂರು ವರ್ಷದ ಹಿಂದಿನ ಆ ಬಡಿಗರಿಗೂ ಕೈ ತುರಿಸಿರಬೇಕು, ತಡೆದುಕೊಂಡಿದ್ದಾರೆ ಅಂತ ಯೋಚನೆ ಬಂತು. ಅವರನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಮಾತು ಕೇಳಬೇಕೆನಿಸಿತು.

ರಂಧಾ ಮುಗಿದ ಮೇಲೆ ಅರ, ಅರ ಮುಗಿದ ಮೇಲೆ ಒಡೆದ ಗಾಜಿನ ಚೂರು. ಗಾಜಿನಿಂದ ಕೆರೆದರೆ ಕಾಗದಕ್ಕಿಂತ ತೆಳ್ಳಗೆ ಬರುತ್ತದೆ. ಹತ್ತು ಸಲ ಕೆರೆಯುವುದು, ಮೂವತ್ತು ಸಲ ಮೆಲ್ಲಗೆ ಎಳೆಯುವುದು, ಎದುರಿಗೆ ನಿಂತು ನೋಡುವುದು. ಮರಕ್ಕೆ ಬಾಗುವುದನ್ನು ರೂಢಿ ಮಾಡಿಸಬೇಕು. ಮೂರು ವಾರ ಹೀಗೇ ಹೋಯಿತು. ಉಳಿದ ಗಿರಾಕಿಗಳು ಬಂದು ಬೈದು ಹೋದರು.

ಹೆದೆ ಇಪ್ಪತ್ತಾರು ಇಂಚಿಗೆ ಬಂದ ದಿನ ತಕ್ಕಡಿ ನಲವತ್ತೈದು ಕಿಲೋ ತೋರಿಸಿತು. ಯುದ್ಧದ ತೂಕ! ಕೂಗಿಬಿಟ್ಟೆ. ಆದರೆ ಎದುರಿಗೆ ನಿಂತು ನೋಡಿದಾಗ ಖುಷಿ ಇಳಿಯಿತು. ಕೆಳಗಿನ ತೋಳು ಗಂಟಿನ ಬಳಿ ಬಿಗಿಯಾಗಿತ್ತು. ಗಂಟು ದಾಟಿದ ಮೇಲೆ ಒಂದು ಗೇಣಿನಷ್ಟು ಜಾಗ ಅತಿಯಾಗಿ ಬಾಗುತ್ತಿತ್ತು. ಕಿವಿಯವರೆಗೆ ಎಂದರೆ ಮೂವತ್ತು ಇಂಚು. ಇನ್ನೂ ನಾಲ್ಕು ಇಂಚು ಎಳೆದರೆ ಆ ಗೇಣು ಜಾಗ ಮುರಿಯುವ ಸಂಭವವಿತ್ತು. ಸರಿ ಮಾಡಬೇಕೆಂದರೆ ಉಳಿದ ಕಡೆಯೆಲ್ಲ ಕೆರೆದು ಸಮ ಮಾಡಬೇಕು. ಕೆರೆದರೆ ತೂಕ ಇಳಿಯುತ್ತದೆ. ಕೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಅಕ್ಕಾರನ್ನೂ ಸುಬೇದಾರರನ್ನೂ ಕರೆಸಿದೆ.

"ಹಿಂಗs ಬಿಟ್ರ ಇದು ಯುದ್ಧದ ಬಿಲ್ಲ್ರಿ. ಗ್ವಾಡಿಗೆ ಹಾಕಿ ತೋರಿಸಬಹುದು, ಯಾರೂ ತಪ್ಪು ಅನ್ನಂಗಿಲ್ಲ. ಆದ್ರ ಕಿವಿತನಕ ಎಳಿಯಾಕ ಬರೂದಿಲ್ಲ. ಎಳೀಬೇಕಂದ್ರ ಕೆರೀಬೇಕು. ಕೆರದ್ರ ಯುದ್ಧದ್ದು ಅನ್ನಾಕ ಬರೂದಿಲ್ಲ."

ಅಕ್ಕಾರ ಗಂಟಿನ ಮೇಲೆ ಬೆರಳಿಟ್ಟು ನೋಡಿದರು. "ಅವರಿಗೆ ಯುದ್ಧದ್ದs ಬೇಕಾಗಿತ್ತು," ಎಂದರು. ಆಮೇಲೆ, "ನನಗ ತಿಳೀವಲ್ದು. ಮರ ನಿಮ್ಮ ಕೈಯಾಗ ಐತಿ. ನೀವs ಹೇಳ್ರಿ," ಎಂದರು.

ಮೊದಲನೆಯದನ್ನು ಮುರಿದವನಿಗೆ ಎರಡನೆಯದರ ಮಾತು ಬಿಟ್ಟುಕೊಟ್ಟರಲ್ಲ! ಮೊಳೆಗೆ ತೂಗುತ್ತಿದ್ದ ಮುರಿದ ತುಂಡುಗಳನ್ನೊಮ್ಮೆ ನೋಡಿದೆ. ಚಂದ, ನೇರ, ಕನ್ನಡಿ. ಅದೂ ಎಳೆಯುವ ತನಕ ಬಿಲ್ಲೇ ಆಗಿತ್ತು. ಇಷ್ಟು ದಿನ ಲಕ್ಷಣಗಳ ಪಟ್ಟಿ ಹಿಡಿದು ಒಂದೊಂದನ್ನೂ ಸರಿ ನೋಡಿಕೊಂಡು ಬಂದಿದ್ದೆ. ಪಟ್ಟಿಯ ಮೊದಲೇ ಇರಬೇಕಾದ ಮಾತನ್ನು ಯಾರೂ ಬರೆದಿರಲಿಲ್ಲ: ಎಳೆದರೆ ಬಾಗಿ, ಬಿಟ್ಟರೆ ಹಿಂದಿರುಗಬೇಕು.

"ಕೆರೀತೀನ್ರಿ," ಎಂದೆ. "ನಿಮ್ಮ ಯಜಮಾನ್ರು ನೋಡಬೇಕಂದಿದ್ದು ಎಳಿಯೂದನ್ನ."

ಅಕ್ಕಾರ ತಲೆಯಾಡಿಸಿದರು. ಗಾಜಿನ ಚೂರು ಕೈಗೆ ತೆಗೆದುಕೊಂಡೆ.

ಒಂಬತ್ತು ದಿನ ಹಿಡಿಯಿತು. ಕಿಲೋ ಕಿಲೋ ಇಳಿಯುವಾಗ ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ಮೂವತ್ತು ಇಂಚಿಗೆ ಮೂವತ್ತಾರು ಕಿಲೋದಲ್ಲಿ ನಿಂತಿತು. ಬಾಗಿದಾಗ ಎರಡೂ ತೋಳು ಒಂದೇ ಸಮ. ಬಾಚಣಿಗೆ ಮಾಡುವ ಮುದುಕರೊಬ್ಬರಿಂದ ಎಮ್ಮೆಯ ಕೊಂಬು ತಂದು ತುದಿಗಳಿಗೆ ಟೋಪಿ ಕೂರಿಸಿದೆ. ಸೆಣಬಿನ ದಾರ ಹೊಸೆದು ಜೇನುಮೇಣ ತಿಕ್ಕಿ ಹೆದೆ ಮಾಡಿದೆ. ಬೆನ್ನಿನ ಸೀರೆಯನ್ನು ಮಾತ್ರ ಬಿಚ್ಚಿದೆ, ಮೇಣವನ್ನು ಹಾಗೇ ಬಿಟ್ಟೆ. ಅದನ್ನು ಒರೆಸಿ ಎಣ್ಣೆ ಹಚ್ಚುವುದು ಬಿಲ್ಲು ಬದುಕಿದರೆ ತಾನೆ.

ಭಾನುವಾರ ಬೆಳಗಿನ ಜಾವ ತಾರ್ನಾಕದ ವಿಶ್ವವಿದ್ಯಾಲಯದ ಹಿಂದಿನ ಖಾಲಿ ಮೈದಾನಕ್ಕೆ ಮೂವರೂ ಹೋದೆವು. ಸುಬೇದಾರರು ಹೆದೆ ಏರಿಸಿದರು. ಬಿಲ್ಲು ಅವರ ತಲೆಗಿಂತ ಒಂದು ಗೇಣು ಮೇಲಿತ್ತು. ಗಲ್ಲದ ಮೇಲಿನ ಕಲೆ ಇನ್ನೂ ಕೆಂಪಗಿತ್ತು. ನಾನು ಅವರ ಪಕ್ಕಕ್ಕೆ, ಬಿಲ್ಲು ಮುರಿದರೆ ಚೂರು ನನಗೂ ಬಡಿಯುವಷ್ಟು ಹತ್ತಿರ ಹೋಗಿ ನಿಂತೆ.

"ದೂರ ಸರೀರಿ, ಮೇಸ್ತ್ರಿ."

"ಇಲ್ಲೇ ಇರ್ತೀನ್ರಿ."

ಅವರು ಕಾಲು ಅಗಲಿಸಿ, ಬೆನ್ನಿನ ಬಲವನ್ನೆಲ್ಲ ಹಾಕಿ ಎಳೆದರು. ಎದೆ ದಾಟಿತು. ಗದ್ದ ದಾಟಿತು. ನನ್ನ ಕಣ್ಣು ಗಂಟಿನ ಮೇಲೆ. ಮರದಿಂದ ಸದ್ದಿಲ್ಲ. ಹೆದೆ ಕಿವಿಗೆ ಮುಟ್ಟಿತು, ಕ್ಷಣ ನಿಂತಿತು, ಚಿಮ್ಮಿತು. ಬಾಣ ಎಲ್ಲಿ ಹೋಯಿತೆಂದು ಯಾರೂ ನೋಡಲಿಲ್ಲ. ನಾವೆಲ್ಲ ಬಿಲ್ಲನ್ನೇ ನೋಡುತ್ತಿದ್ದೆವು. ಅದು ಸುಬೇದಾರರ ಕೈಯಲ್ಲಿ ನೆಟ್ಟಗೆ, ಅಂದರೆ ತನ್ನ ಹುಟ್ಟಿನ ಸೊಟ್ಟಗೇ, ಇತ್ತು. ಅಕ್ಕಾರ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಇನ್ನೊಮ್ಮೆ ಎಳೀರಿ," ಎಂದರು. ಸುಬೇದಾರರು ಇನ್ನೂ ಹನ್ನೊಂದು ಸಲ ಎಳೆದರು.

ಆಮೇಲೆ ಅಲ್ಲೇ ಬೇವಿನ ಮರದ ಕೆಳಗೆ ಕೂತು, ಫ್ಲಾಸ್ಕಿನ ಬಿಸಿನೀರಲ್ಲಿ ಬಟ್ಟೆ ಅದ್ದಿ ಬೆನ್ನಿನ ಮೇಣ ಒರೆಸತೊಡಗಿದೆ. ಕಪ್ಪು ಬಿಟ್ಟು ಕೆನೆ ಬಣ್ಣದ ಬಿಳಿ ಮರ ಹೊರಗೆ ಬಂತು. ನಡುವೆ, ಕೈ ಹಿಡಿಯುವ ಜಾಗದ ಹತ್ತಿರ, ಏನೋ ಗೀರಿದ ಹಾಗೆ ಕಂಡಿತು. ಸಿಬಿರು ಎಂದುಕೊಂಡು ಉಗುರಿನಿಂದ ಸವರಿ ನೋಡಿದೆ. ಸಿಬಿರಲ್ಲ. ಪೆನ್ಸಿಲಿನ ಅಕ್ಷರ, ಕನ್ನಡದ್ದು.

ಬಿಲ್ಲನ್ನು ಅಕ್ಕಾರ ತೊಡೆಯ ಮೇಲೆ ಇಟ್ಟೆ. ಅವರು ಓದಿದರು, ಮೊದಲು ಮನಸ್ಸಿನಲ್ಲಿ, ಆಮೇಲೆ ನಮಗೆ ಕೇಳುವ ಹಾಗೆ.

"ಇದು ಎರಡನೆಯದು. ಮೊದಲನೆಯದನ್ನು ಮುರಿದು ಕಲಿತ ಮೇಲೆ ಇದಕ್ಕೆ ಕೈ ಹಚ್ಚಬೇಕು."

ಮೊದಲನೆಯದರ ಬೆನ್ನಿನ ಮೇಲೂ ಏನೋ ಬರೆದಿದ್ದಿರಬೇಕು. ನಾನು ಅದನ್ನು ಮೇಣದ ಜೊತೆ ಹೊಡೆದು, ಗುಂಡಿಯಲ್ಲಿ ಮುಚ್ಚಿದ್ದೆ. "ಅಕ್ಕಾರ, ಅದರ ಮ್ಯಾಲೆ ಬರದಿದ್ದನ್ನ ನಾನು..." ಎಂದೆ.

"ಅದರ ಮ್ಯಾಲೆ ಏನ್ ಬರದಿರ್ತಾರ? ಇದು ಮೊದಲನೇದು ಅಂತ ಬರದಿರ್ತಾರ," ಎಂದರು ಅಕ್ಕಾರ. ಕಣ್ಣಲ್ಲಿ ನೀರಿತ್ತು. "ಇಷ್ಟು ವರ್ಷ ನಾನು ಅವರಿಗೆ ಕೆಡೂ ಅಂಜಿಕಿ ಅಂತ ತಿಳಕೊಂಡಿದ್ದೆ."

ಸುಬೇದಾರರು ಗಲ್ಲ ಸವರಿಕೊಂಡರು. "ಹಂಗಾದ್ರ ನನ್ನ ಮೂರು ಹೊಲಿಗಿನೂ ಸಾಹೇಬ್ರು ಮೊದಲs ಲೆಕ್ಕ ಹಿಡಿದಿದ್ರು ಅನ್ರಿ!"

ಅಕ್ಕಾರ ನಕ್ಕರು. ಆ ಎರಡು ತಿಂಗಳಲ್ಲಿ ಅವರು ಬಾಯಿ ತುಂಬ ನಕ್ಕದ್ದು ನಾನು ನೋಡಿದ್ದು ಅದೇ ಮೊದಲು.

ಪ್ರದರ್ಶನದ ದಿನ ನಾರಾಯಣಗೂಡದ ಕಾಲೇಜಿಗೆ ನಾನೂ ಹೋದೆ. ಯುದ್ಧದ ಬಿಲ್ಲು ಎಂದು ಚೀಟಿ ಅಂಟಿಸಿರಲಿಲ್ಲ. ಮೇಜಿನ ಮೇಲೆ ನನ್ನ ಶೆಡ್ಡಿನ ಮೊಳೆಯಿಂದ ಇಳಿಸಿ ಒಯ್ದಿದ್ದ ಮುರಿದ ತುಂಡುಗಳಿದ್ದವು, ಅವುಗಳ ಪಕ್ಕದಲ್ಲಿ ಬಿಲ್ಲು ಬೆನ್ನು ಮೇಲೆ ಮಾಡಿ ಮಲಗಿತ್ತು. ಬಿಲ್ಲಿಗೆ ಚೀಟಿಯೇ ಬೇಕಿರಲಿಲ್ಲ, ಅದರದ್ದು ಅದರ ಮೈ ಮೇಲೇ ಇತ್ತು. ಮುರಿದ ತುಂಡುಗಳ ಮುಂದೆ ಮಾತ್ರ ಅಕ್ಕಾರ ತಮ್ಮ ಕೈಯಿಂದ ಬರೆದು ಇಟ್ಟಿದ್ದರು: ಇದು ಮೊದಲನೆಯದು.